ಮನೆಯ ಹಿಂದಿನ ಬರೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಮತಟ್ಟಾದ ನಿವೇಶನವೆಂಬುದು ದೊರೆಯುವ ವಸ್ತುವಲ್ಲ, ಮಾಡಿಕೊಳ್ಳಬೇಕಾದ ವಸ್ತು. ಬಂಟ್ವಾಳದಲ್ಲಿ ನೇತ್ರಾವತಿಯ ದಂಡೆಯನ್ನು ಬಿಟ್ಟು ಸ್ವಲ್ಪ ಮೇಲಕ್ಕೆ ಸರಿದರೆ ಗುಡ್ಡ. ಬೆಳ್ತಂಗಡಿಯಲ್ಲಿ ಯಾವ ಕಡೆಗೆ ಕಣ್ಣು ಹಾಯಿಸಿದರೂ ಗುಡ್ಡ, ಅದರಾಚೆ ಗಡಾಯಿಕಲ್ಲು, ಅದಕ್ಕೂ ಆಚೆ ಘಟ್ಟದ ಸಾಲು. ಮೂಡುಬಿದಿರೆಯಲ್ಲಿ ಬಸದಿಗಳ ಬೀದಿಯನ್ನು ದಾಟಿ ಹೊರಟವನು ತುಸು ದೂರ ನಡೆಯುವುದರೊಳಗೆ ಒಂದು ಇಳಿಜಾರನ್ನಾದರೂ ಇಳಿದು ಏರಲೇಬೇಕು. ಹೀಗಾಗಿ ಇಲ್ಲಿ ಮನೆಯ ಕೆಲಸ ಅಸ್ತಿಭಾರದಿಂದ ಮೊದಲಾಗುವುದಿಲ್ಲ. ಗುಡ್ಡವನ್ನು ಕಡಿಯುವುದರಿಂದ ಮೊದಲಾಗುತ್ತದೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿದರೆ ಅದು ಅಂಗಳವಾಗುತ್ತದೆ. ಕಡಿಯಲ್ಪಟ್ಟ ಗುಡ್ಡದ ನೆಟ್ಟಗಿನ ಮುಖ ಮನೆಯ ಬೆನ್ನಿಗೆ ಗೋಡೆಯಂತೆ ನಿಲ್ಲುತ್ತದೆ. ಈ ಮಣ್ಣಿನ ಗೋಡೆಗೆ ಆ ಕಡೆಯ ಜನ ‘ಬರೆ’ ಎನ್ನುತ್ತಾರೆ.

ಮನೆಯ ನಾಲ್ಕು ಗೋಡೆಗಳಿಗೆ ನಕ್ಷೆಯುಂಟು, ಅಳತೆಯುಂಟು, ಪರವಾನಿಗೆಯುಂಟು, ಕಟ್ಟಿ ಮುಗಿದಮೇಲೆ ಕಂದಾಯವೂ ಉಂಟು. ಐದನೆಯದಾದ ಈ ಗೋಡೆ ಎಷ್ಟೋ ಕಡೆ ಅವೆಲ್ಲಕ್ಕಿಂತ ಎತ್ತರವಾಗಿ ನಿಂತಿದ್ದರೂ ಅದನ್ನು ಬರೆದಿಟ್ಟ ಕಾಗದವೊಂದು ಸಾಮಾನ್ಯವಾಗಿ ಯಾವ ಕಛೇರಿಯಲ್ಲಿಯೂ ಸಿಕ್ಕದು. ಆಷಾಢದ ಮಳೆಗೆ ಮೊದಲು ಕುಸಿಯುವುದು ಮಾತ್ರ ಅದೇ.

2022ರ ಜುಲೈ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಜರಿದು, ರಬ್ಬರು ತೋಟದ ಕೆಲಸಗಾರರು ಮಲಗುತ್ತಿದ್ದ ವಸತಿಯ ಮೇಲೆ ಬಿದ್ದಿತು. ಕೇರಳದಿಂದ ದುಡಿಯಲು ಬಂದಿದ್ದ ಮೂವರು ತೀರಿಕೊಂಡರು. ಮರುವರ್ಷ, ಅದೇ ಜುಲೈಯಲ್ಲಿ, ಅದೇ ತಾಲೂಕಿನ ಸಜಿಪಮುನ್ನೂರು ಗ್ರಾಮದ ನಂದಾವರದಲ್ಲಿ ಮನೆಯೊಂದರ ಮೇಲೆ ಗುಡ್ಡ ಕುಸಿಯಿತು. ಮಗಳನ್ನು ಮಣ್ಣಿನಡಿಯಿಂದ ಜೀವಂತವಾಗಿ ಎತ್ತಿದರು, ತಾಯಿಯನ್ನು ಉಳಿಸಿಕೊಳ್ಳಲಾಗಲಿಲ್ಲ. 2025ರಲ್ಲಿ ಮಳೆಗಾಲ ಇನ್ನೂ ನೆಟ್ಟಗೆ ಹಿಡಿಯುವ ಮೊದಲೇ, ಮೇ ಕೊನೆಯಲ್ಲಿ, ನೆರೆಯ ಉಳ್ಳಾಲ ತಾಲೂಕಿನ ಮಂಜನಾಡಿ ಗ್ರಾಮದ ಮೊಂಟೆಪದವಿನಲ್ಲಿ ಒಂದು ಮನೆಯ ಅಜ್ಜಿಯೂ ಇಬ್ಬರು ಮೊಮ್ಮಕ್ಕಳೂ ಮಣ್ಣಿನ ಪಾಲಾದರು. ಜೀವಹಾನಿಯಾದ್ದರಿಂದ ಈ ಮೂರು ಹೆಸರುಗಳು ಪತ್ರಿಕೆಗಳಲ್ಲಿ ನಿಂತವು. ಅಡುಗೆಕೋಣೆಯ ಗೋಡೆಯೋ ಬಚ್ಚಲುಮನೆಯೋ ಹೋಗಿ ಮನೆಯವರು ಉಳಿದುಕೊಂಡ ಕುಸಿತಗಳು ‘ಮಳೆಹಾನಿ’ ಎಂಬ ಪಟ್ಟಿಯಲ್ಲಿ ಒಂದು ಸಾಲಾಗಿ ಮುಗಿದುಹೋಗುತ್ತವೆ.

ಮಣ್ಣು ಮೃದುವಾದುದು, ಬಿದ್ದರೆ ಎಷ್ಟು ಬಿದ್ದೀತು ಎಂಬ ಭಾವನೆ ಅನೇಕರಲ್ಲಿದೆ. ಒಂದು ಸಣ್ಣ ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಹದಿನೈದು ಅಡಿ ಎತ್ತರದ ಬರೆಯೊಂದರಲ್ಲಿ ಇಪ್ಪತ್ತು ಅಡಿ ಅಗಲಕ್ಕೆ, ಆರಡಿ ದಪ್ಪದ ಒಂದು ಪದರ ಕಳಚಿತೆನ್ನೋಣ. ಅದು 1,800 ಘನ ಅಡಿ, ಎಂದರೆ ಸುಮಾರು 51 ಘನ ಮೀಟರು. ನೀರು ಕುಡಿದ ಮಣ್ಣು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ. ಸ್ವಲ್ಪ ಕಡಿಮೆಯೇ ಹಿಡಿದರೂ ಒಟ್ಟು ತೊಂಬತ್ತು ಟನ್ನಿಗೆ ಕಡಿಮೆಯಿಲ್ಲ. ಹತ್ತು ಟನ್ನಿನ ಒಂಬತ್ತು ಲಾರಿಗಳನ್ನು ಒಂದೇ ಕ್ಷಣದಲ್ಲಿ ಹಿಂದಿನ ಕೋಣೆಯೊಳಗೆ ಸುರಿದಂತೆ! ಕೆಂಪುಕಲ್ಲಿನ ಗೋಡೆಯಾಗಲಿ ಕಾಂಕ್ರೀಟಿನ ಕಂಬವಾಗಲಿ ಇಂಥ ಪಕ್ಕದ ಪೆಟ್ಟನ್ನು ಲೆಕ್ಕಹಾಕಿ ಕಟ್ಟಿದುದಲ್ಲ.

ಹಿಂದಿನವರು ಗುಡ್ಡವನ್ನು ಕಡಿಯುತ್ತಿರಲಿಲ್ಲವೆ? ಕಡಿಯುತ್ತಿದ್ದರು. ತುಳುನಾಡಿನ ಭೂಮಿಯೇ ಬೈಲು, ಮಜಲು, ಬೆಟ್ಟು ಎಂದು ಮೂರು ಮೆಟ್ಟಿಲಾಗಿ ವಿಂಗಡವಾದುದು. ತಗ್ಗಿನ ಬೈಲು ಗದ್ದೆಗೆ, ನಡುವಣ ಮಜಲು ತೋಟಕ್ಕೆ ಮತ್ತು ಗದ್ದೆಗೆ. ಮನೆ ನಿಲ್ಲುತ್ತಿದ್ದುದು ನೆರೆಯ ನೀರಿಗೆ ಎಟುಕದ, ಗುಡ್ಡದ ನೀರಿಗೂ ಅಡ್ಡವಾಗದ ಅಂಚಿನಲ್ಲಿ. ಎರಡು ಬದಿಯ ಎತ್ತರ ಒಂದೇ ಇರಬೇಕೆಂಬ ಹಟ ಆ ಮನೆಗಳಿಗಿರಲಿಲ್ಲ. ಚಾವಡಿಯಿಂದ ನಡುಮನೆಗೆ ಎರಡು ಮೆಟ್ಟಿಲು ಹತ್ತಬೇಕಾದರೆ ಹತ್ತುತ್ತಿದ್ದರು. ಕೊಟ್ಟಿಗೆ ಇನ್ನೊಂದು ಮೆಟ್ಟಿಲು ಕೆಳಗಿರುತ್ತಿತ್ತು. ಹಾರೆ ಪಿಕ್ಕಾಸುಗಳಿಂದ ಕಡಿಯಬೇಕಾದ್ದರಿಂದ ತೋಳಿನ ಶಕ್ತಿಯೇ ಗುಡ್ಡಕ್ಕೆ ಕಾವಲಾಗಿತ್ತು. ಅದನ್ನು ಪೂರ್ವಿಕರ ಜ್ಞಾನವೆಂದು ಹೊಗಳುವುದಕ್ಕಿಂತ ಅವರ ಬಡತನದ ಉಪಕಾರವೆಂದರೆ ಹೆಚ್ಚು ಸರಿಯಾದೀತು.

ಈಗ ಜೆಸಿಬಿ, ಹಿಟಾಚಿಗಳು ಬಂದಿವೆ. ಹತ್ತು ಆಳು ಒಂದು ತಿಂಗಳಲ್ಲಿ ಮಾಡದ ಕೆಲಸವನ್ನು ಯಂತ್ರ ಒಂದೆರಡು ದಿನಗಳಲ್ಲಿ ಮುಗಿಸುತ್ತದೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಗುಡ್ಡದ ಬುಡದಲ್ಲಿ ಅದು ಗರ್ಜಿಸುತ್ತಿರುವಾಗ ನಡೆಯುವ ಸಂಭಾಷಣೆಯನ್ನು ಆ ಸೀಮೆಯಲ್ಲಿ ಮನೆ ಕಟ್ಟಿಸಿದ ಯಾರಾದರೂ ಊಹಿಸಬಲ್ಲರು. “ಇನ್ನೊಂದು ನಾಲ್ಕು ಫೂಟು ಹಿಂದೆ ಹೋಗುವನಾ ಅಣ್ಣ? ಹಿಂದುಗಡೆ ಬಟ್ಟೆ ಒಣಗಿಸಲಿಕ್ಕೆ ಜಾಗ ಆಗ್ತದೆ.” “ಹೇಗೂ ಬಂದಾಗಿದೆಯಲ್ಲ, ತೆಗಿ ಮಾರಾಯ.” ಆ ನಾಲ್ಕು ಅಡಿಗೆ ನಕ್ಷೆಯಿಲ್ಲ, ಇಂಜಿನಿಯರಿಲ್ಲ, ಪರವಾನಿಗೆಯಿಲ್ಲ. ಇಳಿಜಾರು ಕಡಿದಾಗಿದ್ದಲ್ಲಿ ನಾಲ್ಕು ಅಡಿ ಹಿಂದಕ್ಕೆ ಹೋದರೆ ಬರೆ ಮೂರು ನಾಲ್ಕು ಅಡಿ ಮೇಲಕ್ಕೂ ಬೆಳೆಯುತ್ತದೆಂಬುದು ಅಳತೆಯ ಸರಳ ವಿಷಯ. ಆ ಗಳಿಗೆಯಲ್ಲಿ ಅದು ಯಾರ ಮನಸ್ಸಿಗೂ ಬಾರದು.

ಕಡಿದಾಗ ಬರೆ ಗಟ್ಟಿಯಾಗಿಯೇ ಕಾಣುತ್ತದೆ, ಮೋಸವಿರುವುದು ಅಲ್ಲಿಯೇ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಮೈಸೂರು, ಕನ್ನಡ, ಮಲಬಾರು ಸೀಮೆಗಳ ಸಂಚಾರ ಕೈಗೊಂಡವನು 1801ರಲ್ಲಿ ಈ ಪ್ರದೇಶವನ್ನು ಹಾದುಹೋದ. ಮಲಬಾರಿನ ಅಂಗಡಿಪುರದಲ್ಲಿ, ನೆಲದಲ್ಲಿರುವಾಗ ಕೊಡಲಿಗೆ ತುಂಡಾಗಿ, ಗಾಳಿಗೆ ತೆರೆದಮೇಲೆ ಕಲ್ಲಿನಂತೆ ಬಿಗಿಯುವ ಒಂದು ಮಣ್ಣನ್ನು ಅವನು ಕಂಡಿದ್ದನು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟುದು 1807ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ. ಈ ಕೆಂಪುಕಲ್ಲೇ ಜಿಲ್ಲೆಯ ಮನೆ, ಬಾವಿ, ಪಾಗಾರಗಳ ಮೂಲದ್ರವ್ಯ. ಆದರೆ ಗುಡ್ಡವೆಲ್ಲ ಕೆಂಪುಕಲ್ಲಲ್ಲ. ಅದು ಮೇಲಿನ ಟೋಪಿ ಮಾತ್ರ. ಅದರ ಅಡಿಯಲ್ಲಿ ಅನೇಕ ಕಡೆ ಬಿಳಿ, ನಸುಗೆಂಪು ಅಥವಾ ಹಳದಿ ಬಣ್ಣದ ನುಣುಪಾದ ಶೇಡಿಮಣ್ಣು ಇರುತ್ತದೆ. ಒಣಗಿರುವಾಗ ಶೇಡಿ ಬಿಗಿಯಾಗಿ ನಿಲ್ಲುತ್ತದೆ. ಉಗುರಿನಿಂದ ಗೀರಿದರೆ ಮಾತ್ರ ಪುಡಿಯಾಗುತ್ತದೆ. ನೀರು ಕುಡಿದರೆ ಅದರ ಹಿಡಿತ ಬಹಳಮಟ್ಟಿಗೆ ಹೋಗುತ್ತದೆ. ಬೇಸಗೆಯಲ್ಲಿ ಗುಡ್ಡ ಕಡಿದವನು ಟೋಪಿಯನ್ನು ತೂರಿ ಶೇಡಿಯನ್ನು ಬಯಲಿಗಿಟ್ಟು, ಮಾರ್ಚಿ ಏಪ್ರಿಲುಗಳ ಬಿಸಿಲಿನಲ್ಲಿ ಅದು ಕಲ್ಲಿನಂತೆ ನಿಂತುದನ್ನು ಕಂಡು ಸಮಾಧಾನಪಟ್ಟು, ಅದರ ಬುಡದಲ್ಲಿಯೇ ಗೃಹಪ್ರವೇಶ ಮಾಡುತ್ತಾನೆ. ಪರೀಕ್ಷೆ ಜೂನ್ ತಿಂಗಳಲ್ಲಿ. ಕೆಲವೊಮ್ಮೆ ಮೊದಲನೆಯ ವರ್ಷವಲ್ಲ, ನಾಲ್ಕನೆಯದೋ ಐದನೆಯದೋ ಮಳೆಗಾಲದಲ್ಲಿ.

ಇಂಥ ನೆಲದಲ್ಲಿ ಮನೆ ಕಟ್ಟುವುದನ್ನು ನೋಡಿಕೊಳ್ಳಬೇಕಾದ ಸ್ಥಳೀಯ ಆಡಳಿತಕ್ಕೆ ಅಧಿಕಾರದ ಕೊರತೆಯಿಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮದ್ರಾಸಿಗೆ ಸೇರಿದ್ದಿತು. ಕಟ್ಟಡಗಳ ಮೇಲಿನ ನಿಯಂತ್ರಣ ಅಲ್ಲಿಯ 1920ರ ಮುನಿಸಿಪಾಲಿಟಿ ಮತ್ತು ಸ್ಥಳೀಯ ಬೋರ್ಡುಗಳ ಕಾಯಿದೆಗಳಿಗೆ ಒಳಪಟ್ಟಿತ್ತು. ಆ ಕಾಲದ ಕಾನೂನುಗಳ ಮುಖ್ಯ ಚಿಂತೆ ಆರೋಗ್ಯ ಮತ್ತು ಬೆಂಕಿ: ಕೋಣೆಗೆ ಗಾಳಿ ಬೆಳಕು ಬರುತ್ತದೆಯೆ, ಕೊಳೆನೀರು ಹರಿಯುತ್ತದೆಯೆ, ಹುಲ್ಲಿನ ಮಾಡು ಪಕ್ಕದ ಮನೆಗೆ ಕಿಡಿ ಹಾರಿಸೀತೆ. ಮೈಸೂರು ರಾಜ್ಯಕ್ಕೆ ಸೇರಿದಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1964ರ ಪುರಸಭೆಗಳ ಕಾಯಿದೆ, ಅದೇ ವರ್ಷದ ಭೂಕಂದಾಯ ಕಾಯಿದೆಗಳು ಬಂದವು. ಹಳ್ಳಿಗಳ ಮಟ್ಟಿಗೆ 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯತಿನ ಅಪ್ಪಣೆಯಿಲ್ಲದೆ ಮನೆ ಕಟ್ಟುವಂತಿಲ್ಲ, ಇದ್ದುದನ್ನು ಬೆಳೆಸುವಂತೆಯೂ ಇಲ್ಲ.

ಮನೆ ಕಟ್ಟಲು ಹೊರಟ ಗೃಹಸ್ಥನು ಈ ಕಾಯಿದೆಗಳನ್ನು ಓದಿರುವುದಿಲ್ಲ, ಮೆಟ್ಟಿಲುಗಳಾಗಿ ಹತ್ತಿರುತ್ತಾನೆ. ಕೃಷಿಭೂಮಿಯಾದರೆ ಮೊದಲು ಭೂಪರಿವರ್ತನೆ. ಬಳಿಕ ಏಕ ನಿವೇಶನದ ವಿನ್ಯಾಸ ನಕ್ಷೆಗೆ ಅನುಮೋದನೆ. ಬಳಿಕ ಜಿಲ್ಲೆಯಲ್ಲಿ ಚಿಕ್ಕ ಮಕ್ಕಳಿಗೂ ತಿಳಿದಿರುವ ‘9/11’ ಎಂಬ ಎರಡು ನಮೂನೆಗಳು. ಆಮೇಲೆ ಕಟ್ಟಡದ ಪರವಾನಿಗೆ, ಕಟ್ಟಿದಮೇಲೆ ಡೋರ್ ನಂಬರು, ಅದಿಲ್ಲದೆ ದೀಪವಿಲ್ಲ. ಐದು ಸೆಂಟ್ಸ್ ಜಾಗದಲ್ಲಿ ಒಂದು ಪುಟ್ಟ ಮನೆಗಾಗಿ ಈ ಅಲೆದಾಟ ಎಷ್ಟು ತಿಂಗಳು ಹಿಡಿಯುತ್ತದೆಂಬುದು ಬಂಟ್ವಾಳ, ಬೆಳ್ತಂಗಡಿಗಳ ಗ್ರಾಮಸಭೆಗಳಲ್ಲಿ ವರ್ಷಗಳಿಂದ ಕೇಳಿಬಂದಿರುವ ದೂರು. ಅದು ನ್ಯಾಯವಾದ ದೂರೇ.

ಆದರೆ ಅಷ್ಟೆಲ್ಲ ಕಾಗದಗಳನ್ನು ಒಂದರ ಮೇಲೊಂದು ಪೇರಿಸಿ ನೋಡಿದರೆ ಅವು ಕೇಳುವ ಪ್ರಶ್ನೆಗಳು ಮೂರೋ ನಾಲ್ಕೋ. ಜಾಗ ಯಾರದು? ಗಡಿ ಎಲ್ಲಿದೆ? ಸಂಪರ್ಕ ರಸ್ತೆ ಎಷ್ಟು ಅಗಲ? ರಸ್ತೆಯಿಂದಲೂ ನೆರೆಯವರಿಂದಲೂ ಮನೆ ಎಷ್ಟು ಹಿಂದೆ ಸರಿದಿದೆ? ನಕ್ಷೆಯೆಂಬುದು ಮೇಲಿನಿಂದ ನೋಡಿದ ಚಿತ್ರ. ಅದರಲ್ಲಿ ಹಿಂಬದಿಯ ಸೆಟ್‌ಬ್ಯಾಕು ಇಷ್ಟು ಅಡಿಯೆಂದು ಬರೆದಿರುತ್ತದೆ. ಆ ಅಡಿಗಳು ಮುಗಿದಲ್ಲಿ ಬಯಲಿದೆಯೋ, ಇಪ್ಪತ್ತು ಅಡಿಯ ಬರೆಯಿದೆಯೋ ಎಂಬುದು ಅದರಿಂದ ತಿಳಿಯದು. ಬಯಲುಸೀಮೆಯ ಪಟ್ಟಣಕ್ಕಾಗಿ ಹೊಲಿದ ಅಂಗಿಯನ್ನು ಗುಡ್ಡಗಾಡಿಗೆ ತೊಡಿಸಿದಂತಾಗಿದೆ. ಹತ್ತಿರದ ಮನೆಯ ಕಿಟಕಿಗೆ ಅಡ್ಡವಾಗಬಾರದೆಂದು ಅಂಗುಲದ ಲೆಕ್ಕ ಹಿಡಿಯುವ ಕಾನೂನು, ಮೇಲಿನ ಮನೆಯ ಅಸ್ತಿಭಾರದಿಂದ ಮಾರು ದೂರದಲ್ಲಿ ಕೆಳಗಿನವನು ನೆಲವನ್ನು ನೆಟ್ಟಗೆ ಕಡಿದಿಳಿಸಿದರೆ ಅನೇಕ ವೇಳೆ ಅತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ನೋಡಬೇಕಾದವರು ಯಾರೆಂಬುದೂ ಬಿಡಿಸಬೇಕಾದ ಗಂಟು. ಬಂಟ್ವಾಳಕ್ಕೂ ಮೂಡುಬಿದಿರೆಗೂ ಪುರಸಭೆಗಳಿವೆ, ಯೋಜನಾ ಪ್ರಾಧಿಕಾರಗಳಿವೆ. ಬೆಳ್ತಂಗಡಿಯದು ಪಟ್ಟಣ ಪಂಚಾಯತ್. 2011ರ ಜನಗಣತಿಯಲ್ಲಿ ಬಂಟ್ವಾಳ ಪಟ್ಟಣದಲ್ಲಿ ಸುಮಾರು 40,000, ಮೂಡುಬಿದಿರೆಯಲ್ಲಿ ಸುಮಾರು 29,000 ಜನರಿದ್ದರೆ ಬೆಳ್ತಂಗಡಿಯಲ್ಲಿ ಇದ್ದವರು ಎಂಟು ಸಾವಿರದೊಳಗೆ. ಗುಡ್ಡಗಳು ಮಾತ್ರ ಪಟ್ಟಣದ ಎಲ್ಲೆಯೊಳಗೆ ಕುಳಿತಿಲ್ಲ. ಬೆಳ್ತಂಗಡಿ ತಾಲೂಕಿನಲ್ಲಿಯೇ 48 ಗ್ರಾಮ ಪಂಚಾಯತುಗಳು. ಪಂಚಾಯತಿನ ಅಭಿವೃದ್ಧಿ ಅಧಿಕಾರಿ ಇಂಜಿನಿಯರಲ್ಲ. ಆತನ ಮೇಜಿನ ಮೇಲೆ ನೀರಿನ ಪಂಪು, ಬೀದಿದೀಪ, ಕಸದ ಗಾಡಿ, ತೆರಿಗೆ ಬಾಕಿ ಇವೆಲ್ಲ ಇರುತ್ತವೆ. ಕಟ್ಟಡದ ಅರ್ಜಿ ಅವುಗಳ ನಡುವಣ ಒಂದು ಕಡತ. ಮಣ್ಣಿನ ಗುಣವನ್ನು ಆತ ಅಳೆಯಲಿಲ್ಲವೆಂದು ದೂರುವುದು ಅಂಚೆಯವನು ಕಾಗದವನ್ನು ಓದಿ ಹೇಳಲಿಲ್ಲವೆಂದು ದೂರಿದಂತೆ.

ಬೇರೆಡೆಯ ಒಂದು ನಿದರ್ಶನವನ್ನು ಇಲ್ಲಿ ನೆನೆಯಬಹುದು. ಹಾಂಗ್‌ಕಾಂಗ್ ಕೂಡ ಇಳಿಜಾರುಗಳನ್ನು ಕಡಿದು ಮನೆ ಕಟ್ಟಿದ ಊರು. 1972ರ ಜೂನ್ 18ರಂದು ಅಲ್ಲಿ ಒಂದೇ ದಿನ ಎರಡು ಕಡೆ ಗುಡ್ಡ ಜರಿದು 138 ಜನ ಸತ್ತರು. 1976ರಲ್ಲಿ, ಹಿಂದೆ ಕುಸಿದ ಬಡಾವಣೆಯಲ್ಲಿಯೇ ಮತ್ತೊಮ್ಮೆ ಕುಸಿದು 18 ಮಂದಿ ಹೋದರು. ಮರುವರ್ಷವೇ ಸರ್ಕಾರ ಇಳಿಜಾರುಗಳಿಗೆಂದು ಪ್ರತ್ಯೇಕ ಕಛೇರಿಯನ್ನು ತೆರೆಯಿತು. ಮನುಷ್ಯರು ಕಡಿದ ಅಥವಾ ತುಂಬಿದ ಸುಮಾರು 60,000 ಇಳಿಜಾರುಗಳು ಇಂದು ಆ ಕಛೇರಿಯ ಪಟ್ಟಿಯಲ್ಲಿವೆ; ಅವುಗಳಿಗೆ ಮನೆಗೆ ನಂಬರು ಕೊಟ್ಟಂತೆ ನಂಬರು ಕೊಟ್ಟು, ಬುಡದಲ್ಲಿ ಫಲಕ ನೆಟ್ಟಿದ್ದಾರೆ. ಹೊಸದಾಗಿ ಕಡಿಯಬೇಕಾದರೆ ಮೊದಲು ಲೆಕ್ಕ ತೋರಿಸಬೇಕು. ಹಾಂಗ್‌ಕಾಂಗಿನ ವಾರ್ಷಿಕ ಮಳೆ ಸುಮಾರು 2,400 ಮಿಲಿಮೀಟರು. ದಕ್ಷಿಣ ಕನ್ನಡದಲ್ಲಿ ಅದು ಹತ್ತಿರ ಹತ್ತಿರ 4,000. ಅಷ್ಟು ದೂರ ಹೋಗುವುದೇಕೆ, ನೆರೆಯ ನೀಲಗಿರಿಯಲ್ಲಿ ಗುಡ್ಡಪ್ರದೇಶಗಳಿಗೆಂದೇ ತಮಿಳುನಾಡು ಸರ್ಕಾರ 1990ರಲ್ಲಿ ಒಂದು ಪ್ರಾಧಿಕಾರವನ್ನು ರಚಿಸಿ, ಬಳಿಕ ಕಟ್ಟಡದ ಎತ್ತರಕ್ಕೂ ಮಿತಿ ಹಾಕಿತು. ಸಿರಿವಂತ ನಗರದ ವ್ಯವಸ್ಥೆ ಪಂಜಿಕಲ್ಲಿಗೆ ಬರಲಾರದು, ನಿಜ. ಆದರೆ ಬರೆಗೊಂದು ನಂಬರು ಕೊಡುವುದಕ್ಕೆ ಬೇಕಾಗುವುದು ಒಂದು ರಿಜಿಸ್ಟರು ಪುಸ್ತಕ, ಒಂದು ಅಳತೆಯ ಟೇಪು.

ಇನ್ನು ಅಂಗಳದ ಕಡೆಗೆ ಬರೋಣ. ಮನೆಯ ಸುತ್ತಲಿನ ಜಾಗವನ್ನು ಅಂದಗೊಳಿಸುವ ಆಸೆ ಈಚಿನ ದಶಕಗಳಲ್ಲಿ ಬೆಳೆದಿದೆ, ತಪ್ಪೇನಿಲ್ಲ. ಮುಂಬಯಿಯಲ್ಲಿಯೋ ದುಬೈಯಲ್ಲಿಯೋ ವರ್ಷಾನುಗಟ್ಟಲೆ ಒಂದೇ ಕೋಣೆಯಲ್ಲಿದ್ದು ಹಣ ಉಳಿಸಿದವನಿಗೆ ತನ್ನ ಊರಿನ ಅಂಗಳ ಕಣ್ಣಿಗೆ ತಂಪಾಗಿರಬೇಕೆಂಬ ಬಯಕೆ ಸಹಜ. ಹಾಗೆಂದು ಅಂಗಳಕ್ಕೆ ಗೋಡೆಯಿಂದ ಪಾಗಾರದವರೆಗೆ ಇಂಟರ್‌ಲಾಕ್ ಕಲ್ಲು ಹಾಸುತ್ತಾರೆ. ಕೆಸರಿಲ್ಲ, ಹುಲ್ಲಿಲ್ಲ, ಗುಡಿಸಲು ಸುಲಭ. ಮಳೆ ಮಾತ್ರ ಮೊದಲಿನಷ್ಟೇ ಬೀಳುತ್ತದೆ. ಐದು ಸೆಂಟ್ಸ್ ಎಂದರೆ ಸುಮಾರು 200 ಚದರ ಮೀಟರು. 4,000 ಮಿಲಿಮೀಟರಿನ ಲೆಕ್ಕದಲ್ಲಿ ಅಷ್ಟೇ ಜಾಗದ ಮೇಲೆ ವರ್ಷಕ್ಕೆ ಎಂಟು ಲಕ್ಷ ಲೀಟರು ನೀರು ಸುರಿಯುತ್ತದೆ, ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಒಂದು ಕೆಟ್ಟ ದಿನ 200 ಮಿಲಿಮೀಟರು ಹೊಡೆದರೆ ಆ ದಿನವೊಂದಕ್ಕೇ ನಲವತ್ತು ಸಾವಿರ ಲೀಟರು. ಅರ್ಧ ಜಾಗದಲ್ಲಿ ಮಾಡು, ಉಳಿದರ್ಧದಲ್ಲಿ ಹಾಸುಗಲ್ಲು ಎಂದಾದಮೇಲೆ ಆ ನೀರು ಪಾಗಾರದ ಕಂಡಿಯಿಂದ ಕೆಳಗಿನ ಮನೆಯ ಬರೆಯ ನೆತ್ತಿಗೆ ಹೋಗುತ್ತದೆ. ಮೇಲಿನವನ ಅಲಂಕಾರ ಕೆಳಗಿನವನ ಆಪತ್ತಾಗುವುದು ಹೀಗೆ.

ಮಳೆನೀರನ್ನು ಹಿಡಿದಿಡಬೇಕೆಂಬ ಬುದ್ಧಿವಾದ ಈಗ ಎಲ್ಲೆಲ್ಲಿಯೂ ಇದೆ; ಪುರಸಭೆಗಳ ಕಟ್ಟಡ ನಿಯಮಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಒಳ್ಳೆಯ ಮಾತೇ. ಆದರೆ ಅದನ್ನು ಸ್ಥಳವನ್ನು ನೋಡಿ ಹೇಳಬೇಕು. ಸಮನೆಲದ ಹಿತ್ತಿಲಲ್ಲಿ ಬಾವಿಯ ಬಳಿ ಇಂಗುಗುಂಡಿ ತೋಡಿದರೆ ಪುಣ್ಯ ಬಂದೀತು. ಅದನ್ನೇ ಕಡಿದ ಬರೆಯ ಮೇಲಂಚಿನಲ್ಲಿ ತೋಡಿದರೆ, ಒಳಗಿರುವ ಶೇಡಿಗೆ ಕೊಡಗಟ್ಟಲೆ ನೀರು ಕುಡಿಸಿದಂತಾಗುತ್ತದೆ. ನಿಯಮದ ಪುಸ್ತಕದಲ್ಲಿ ಎರಡೂ ಒಂದೇ ‘ಇಂಗುಗುಂಡಿ’. ಮರಗಳ ಸಂಗತಿಯೂ ಹಾಗೆಯೇ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ತೆಂಗು, ರಬ್ಬರು, ಗಾಳಿಮರ ಮೊದಲಾದ ಕೆಲವನ್ನು ಬಿಟ್ಟರೆ ಪಟ್ಟಣಗಳಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಬರೆಯ ನೆತ್ತಿಯ ಪೊದೆ, ಹುಲ್ಲು, ಎಳೆಯ ಗಿಡಗಳಿಗೆ ಯಾವ ಅನುಮತಿಯೂ ಬೇಡ. ಮಣ್ಣಿನ ಮೈಯನ್ನು ಹೊದೆದು ಹಿಡಿದಿರುವವು ಬಹಳಮಟ್ಟಿಗೆ ಅವೇ.

ತೋಡುಗಳ ಕಥೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ, ಅದು ಇದೇ ಕಥೆಯ ಕೆಳಗಿನ ತುದಿ. ಗುಡ್ಡದಿಂದ ಇಳಿದ ಮಣ್ಣೂ ನೀರೂ ತೋಡು ಸೇರಿ ಹೊಳೆಗೆ ಹೋಗಬೇಕು; ತೋಡನ್ನು ಒತ್ತಿ ಪಾಗಾರ ಕಟ್ಟಿದರೆ ಅಥವಾ ನಾಲ್ಕಡಿಯ ಮೋರಿಯಲ್ಲಿ ತುರುಕಿದರೆ ಹೊಳೆ ಅಂಗಡಿಬೀದಿಗೆ ಬರುತ್ತದೆ. ಹಳೆಯ ಬಂಟ್ವಾಳ ಪೇಟೆಗೆ ನೆರೆ ಹೊಸತಲ್ಲ. 1923ರ ಮತ್ತು 1974ರ ನೆರೆಗಳನ್ನು ಅಲ್ಲಿಯ ಮನೆತನಗಳು ಮದುವೆ ಮುಂಜಿಗಳ ಕಾಲಗಣನೆಗೆ ಬಳಸುವಷ್ಟು ನೆನಪಿಟ್ಟುಕೊಂಡಿವೆ. 2019ರ ಆಗಸ್ಟಿನಲ್ಲಿ ನೇತ್ರಾವತಿ ಮತ್ತೆ ಪೇಟೆಗೆ ನುಗ್ಗಿದಾಗ, ಮೇಲುಗಡೆ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆಗಳ ಸುತ್ತ ಘಟ್ಟದಿಂದ ಇಳಿದ ನೀರು ಕಲ್ಲು, ಮರ, ಮಣ್ಣುಗಳನ್ನು ಹೊತ್ತು ತಂದು ತೋಟಗಳ ಮೇಲೆ ಹರಡಿತ್ತು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂಬ ಮಾತಿದೆ. ಬಸದಿಗಳನ್ನು ನೋಡಲು ಜಗತ್ತೇ ಬರುತ್ತದೆ. 1430ರ ಸುಮಾರಿನ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ಕಂಡು, ಇದೇನು ನೇಪಾಳದ ಶಿಲ್ಪವೆ ಎಂದು ಫರ್ಗುಸನ್ನನಂಥ ಪಂಡಿತನೇ ಬೆರಗಾಗಿದ್ದನು. ಆ ಮಾಡುಗಳು ಇಳಿಯಬಿಟ್ಟ ನೀರು ನಿಲ್ಲಲೆಂದು ಊರಿನವರು ಕೆರೆಗಳನ್ನೂ ಕಟ್ಟಿದ್ದರೆಂಬುದು ನೋಡಬಂದವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಬರೆಯ ಬುಡದಲ್ಲಿ ಇರುವವರು ಎಲ್ಲರೂ ಹಣವಂತರಲ್ಲ. ಬಟ್ಟೆ ಒಣಗಿಸುವ ಜಾಗಕ್ಕಾಗಿ ಗುಡ್ಡ ಕಡಿದವರಿಗಿಂತ, ಬೇರೆಲ್ಲಿಯೂ ಜಾಗ ಸಿಕ್ಕದೆ ಗುಡ್ಡದ ತೊಡೆಯ ಮೇಲೆ ಮೂರು ಸೆಂಟ್ಸ್ ತಟ್ಟು ಮಾಡಿಕೊಂಡವರು ಅನೇಕರು. ಗದ್ದೆ ತೋಟಗಳು ಒಡೆಯರಿದ್ದ ಭೂಮಿ. ಉಳಿದದ್ದು ಸರ್ಕಾರದ ಗುಡ್ಡ ಮತ್ತು ಕುಮ್ಕಿ. ವರ್ಗದಾರನು ಸೊಪ್ಪು ಸೌದೆ ತರುವುದಕ್ಕಾಗಿ ಅನುಭವಿಸುತ್ತ ಬಂದ ಕುಮ್ಕಿ ಜಾಗದಲ್ಲಿಯೂ ಕಾಲಕ್ರಮದಲ್ಲಿ ಮನೆಗಳೆದ್ದಿವೆ. ಇಂಥವರಿಗೆ ಹಕ್ಕುಪತ್ರ ಕೊಡಲು ಭೂಕಂದಾಯ ಕಾಯಿದೆಯಲ್ಲಿ 94 ಸಿ ಎಂಬ ಪ್ರಕರಣವನ್ನು ಸೇರಿಸಿದರು. ನೆಲೆಯಿಲ್ಲದವನಿಗೆ ನೆಲೆ ಕೊಟ್ಟುದು ಸತ್ಕಾರ್ಯ. ಅದನ್ನು ಹಳಿಯುವುದು ಸಲ್ಲ. ಆದರೆ ಹಕ್ಕುಪತ್ರದಿಂದ ಜಾಗ ಆತನದಾಗುತ್ತದೆ, ಬರೆ ಗಟ್ಟಿಯಾಗುವುದಿಲ್ಲ. ಒಂದು ತಡೆಗೋಡೆಗೆ ಎಷ್ಟೋ ವೇಳೆ ಆ ಮನೆಗಿಂತ ಹೆಚ್ಚು ಖರ್ಚು. ಕಟ್ಟುವವರು ಯಾರು? ಜೂನ್ ಬಂದಾಗ ಪಂಚಾಯತಿನಿಂದ ಒಂದು ನೋಟೀಸು ಬರುತ್ತದೆ: ಅಪಾಯದ ಸ್ಥಳ, ಮಳೆಗಾಲ ಮುಗಿಯುವವರೆಗೆ ಬೇರೆಡೆಗೆ ಹೋಗತಕ್ಕದ್ದು. ಮನೆಯಾಕೆ ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ತವರಿನಲ್ಲಿ, ನಾಲ್ಕು ದಿನ ಚಿಕ್ಕಮ್ಮನ ಮನೆಯಲ್ಲಿ ಕಳೆಯುತ್ತಾಳೆ. ಬಿಸಿಲು ಕಂಡೊಡನೆ ಹಿಂದಿರುಗುತ್ತಾಳೆ. ಶಾಲೆಯಿದೆ, ಹಸುವಿದೆ, ಬೀಡಿಯ ಎಲೆ ಮನೆಯಲ್ಲಿದೆ. ನೋಟೀಸು ಕೊಟ್ಟ ಕಛೇರಿಯ ಕರ್ತವ್ಯ ನೋಟೀಸಿನಲ್ಲಿ ಮುಗಿದಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಇನ್ನೊಂದು ಕಛೇರಿ, ಇನ್ನೊಂದು ಮೆಟ್ಟಿಲು ಖಂಡಿತ ಬೇಡ. ಈಗ ಕೇಳುತ್ತಿರುವ ಕಾಗದಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿ, ಅವುಗಳ ಬದಲು ಒಂದೇ ಒಂದು ಚಿತ್ರವನ್ನು ಕೇಳಲಿ: ನಿವೇಶನವನ್ನು ಪಕ್ಕದಿಂದ ನೋಡಿದರೆ ಕಾಣುವ ಚಿತ್ರ. ಗುಡ್ಡ ಹೇಗಿದೆ, ಎಲ್ಲಿ ಎಷ್ಟು ಎತ್ತರ ಕಡಿಯುತ್ತಾರೆ, ಮನೆಗೂ ಬರೆಗೂ ಅಂತರವೆಷ್ಟು, ಮೇಲಿನ ನೀರು ಎತ್ತ ಹೋಗುತ್ತದೆ. ಯಾವ ಮೇಸ್ತ್ರಿಯೂ ಅದನ್ನು ಅರ್ಧ ಗಂಟೆಯಲ್ಲಿ ಬರೆಯಬಲ್ಲ. ಮಾಳಿಗೆಯ ಮನೆಯ ಎತ್ತರದ ಬರೆಯಾದರೆ ಒಂದೇ ಕಡಿತ ಬೇಡ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಲಿ. ನೆತ್ತಿಯಲ್ಲಿ ನೀರಿನ ಕಣಿಯೊಂದನ್ನು ತೆಗೆದು ಪಕ್ಕಕ್ಕೆ ಹರಿಸಲಿ. ತಡೆಗೋಡೆಯಲ್ಲಿ ನೀರು ಸೋರಿಹೋಗುವ ಕಂಡಿಗಳನ್ನು ಬಿಡಲಿ. ಕಂಡಿಯಿಲ್ಲದ ತಡೆಗೋಡೆ ಹಿಂದೆ ನೀರನ್ನು ಕೂಡಿಹಾಕುವ ಅಣೆಕಟ್ಟಾಗುತ್ತದೆ, ಒಡೆದಾಗ ಮಣ್ಣಿನೊಡನೆ ಕಲ್ಲೂ ಬರುತ್ತದೆ. ಇಂಜಿನಿಯರು ಸ್ಥಳಕ್ಕೆ ಎರಡೇ ಬಾರಿ ಬರಲಿ, ಯಂತ್ರ ಬರುವ ಮುಂಚೆ ಒಮ್ಮೆ, ಡೋರ್ ನಂಬರು ಕೊಡುವ ಮುಂಚೆ ಒಮ್ಮೆ. 48 ಪಂಚಾಯತುಗಳಿಗೆ 48 ಇಂಜಿನಿಯರುಗಳು ಬೇಕಿಲ್ಲ; ಬೇಸಗೆಯ ನಾಲ್ಕು ತಿಂಗಳು ತಾಲೂಕಿಗೆ ಮೂರು ನಾಲ್ಕು ಮಂದಿ ತಿರುಗಿದರೆ ಹೊಸ ಮನೆಗಳ ಮಟ್ಟಿಗಾದರೂ ಕೆಲಸ ಆದೀತು. ಬಡವರ ಹಳೆಯ ಬರೆಗಳಿಗೆ ಮಾತ್ರ ಸರ್ಕಾರವೇ ಕೈಯಿಂದ ಹಣ ಹಾಕಬೇಕು. ಕುಸಿದಮೇಲೆ ಕೊಡುವ ಪರಿಹಾರವನ್ನು ಕುಸಿಯುವ ಮೊದಲು ಕೊಡಲು ಅಡ್ಡಿ ಏನೆಂಬುದಕ್ಕೆ ಈವರೆಗೆ ತೃಪ್ತಿಕರವಾದ ಉತ್ತರ ಬಂದಿಲ್ಲ.

ಅಲ್ಲಿಯವರೆಗೆ ಮನೆಮಂದಿ ತಾವೇ ನೋಡಿಕೊಳ್ಳಬಹುದಾದ ಕೆಲವು ಗುರುತುಗಳಿವೆ. ಬರೆಯ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಡುವುದು ಮೊದಲನೆಯದು. ಅದಕ್ಕೆ ಮಣ್ಣು ಮುಚ್ಚಿ ಮೇಲೆ ಟಾರ್ಪಾಲು ಹೊದಿಸಿ ನೀರಿಳಿಯದಂತೆ ಮಾಡಿ, ಆ ರಾತ್ರಿಯೇ ಹಿಂದಿನ ಕೋಣೆಯಲ್ಲಿ ಮಲಗುವುದನ್ನು ಬಿಡಬೇಕು. ನೆಟ್ಟಗಿದ್ದ ಅಡಿಕೆ ಮರವೋ ವಿದ್ಯುತ್ ಕಂಬವೋ ಓರೆಯಾಗುವುದು, ಬುಡದಲ್ಲಿ ಹೊಸ ಒರತೆ ಕಾಣುವುದು, ತಿಳಿಯಾಗಿ ಸೋರುತ್ತಿದ್ದ ನೀರು ಕದಡಿ ಬರುವುದು, ಹಿಂಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಇವೆಲ್ಲವೂ ಮನೆಯಿಂದ ಹೊರಡತಕ್ಕ ಗುರುತುಗಳು. ಬಿರುಕು ಮಳೆಗಾಲಕ್ಕೆ ಮುಂಚೆಯೇ ಕಂಡಿದ್ದರೆ ಪಂಚಾಯತಿಗೋ ಪುರಸಭೆಗೋ ಬರಹದ ಮೂಲಕ ತಿಳಿಸಿ, ಬರೆಯ ಎತ್ತರವನ್ನೂ ಮನೆಯಿಂದ ಅದಕ್ಕಿರುವ ದೂರವನ್ನೂ ಅಡಿಗಳಲ್ಲಿ ಕಾಣಿಸಿ, ಅರ್ಜಿಯ ಪ್ರತಿಯ ಮೇಲೆ ಕಛೇರಿಯ ಮೊಹರನ್ನು ಕೇಳಿ ಹಾಕಿಸಿಕೊಳ್ಳುವುದು ಲೇಸು. ಆ ಬರೆಯ ಅಳತೆ ಸರ್ಕಾರದ ಕಡತವೊಂದನ್ನು ಸೇರುವುದು ಅನೇಕ ವೇಳೆ ಅದೇ ಮೊದಲ ಸಲವಾಗಿರುತ್ತದೆ.